ಎರಡು ನೋಟೀಸು, ನಾಲ್ಕು ಮೊಳೆ

ಅಡ್ಡ ಹೊಡೆದಿದ್ದ ಹಲಗೆ ಕಿತ್ತು ಬಾಗಿಲು ತೆರೆದಾಗ, ಪುಸ್ತಕ ಬೈಂಡಿಂಗ್ ಮಾಡುತ್ತಿದ್ದ ಮುದುಕ ಹೊಸ್ತಿಲ ಬಳಿಯೇ ಸತ್ತು ಬಿದ್ದಿದ್ದ. ಕೈಯಲ್ಲಿ ಖಾಲಿ ಇನ್‌ಹೇಲರ್. ಬಾಗಿಲಿನ ಒಳಮೈಯಲ್ಲಿ ಗುದ್ದಿದ, ಕೆರೆದ ಗುರುತು. ಸೋಂಕು ತಗುಲಿ ಐದು ದಿನದಿಂದ ಒಳಗಿದ್ದವನನ್ನು ಕೊಂದದ್ದು ಸೋಂಕಲ್ಲ, ಹಳೆಯ ಉಬ್ಬಸ. ಹೊರಗಿನಿಂದ ಹೊಡೆದ ನಾಲ್ಕು ಮೊಳೆ ಅವನನ್ನು ಆಸ್ಪತ್ರೆಗೆ ಹೋಗಗೊಡಲಿಲ್ಲ. ಇನ್‌ಸ್ಪೆಕ್ಟರಮ್ಮನಿಗೆ ಮೈ ಉರಿಯಿತು.

“ಫೋನ್ ಮಾಡಬಹುದಿತ್ತಲ್ಲ?”

“ಫೋನ್ ಕಂಡ್ರೆ ಅವನಿಗೆ ಆಗ್ತಿರಲಿಲ್ಲ, ಇಟ್ಕೊಂಡೇ ಇರಲಿಲ್ಲ” ಎಂದಳು ಸತ್ತವನ ಅಕ್ಕ. “ಮೊಳೆ ಹೊಡೆದೋರು ಯಾರು ಹೇಳಿ. ಅಲ್ಲೀವರೆಗೂ ನನ್ನ ತಮ್ಮನ್ನ ಮಣ್ಣು ಮಾಡಲ್ಲ.”

“ಇವನೇ ಮೇಡಂ!” ಕಟ್ಟಡದ ಸಂಘದ ಕಾರ್ಯದರ್ಶಿ ಆರೋಗ್ಯ ಇಲಾಖೆಯ ಗುಮಾಸ್ತನತ್ತ ಬೆರಳು ಚಾಚಿದ. “ಸೋಮವಾರ ಕ್ವಾರಂಟೈನ್ ನೋಟೀಸು ಅಂಟಿಸೋಕೆ ಬಂದಾಗ್ಲೇ ಹೊಡೆದ. ಕಣ್ಣಾರೆ ಕಂಡಿದೀನಿ.”

ಹಿಂದೆ ನಿಂತ ನೆರೆಹೊರೆಯವರು ಕೋಲೆಬಸವನ ಹಾಗೆ ತಲೆಯಾಡಿಸಿದರು.

“ಕಾನೂನು ನನ್ನ ಕೈಗೆ ಕೊಟ್ಟಿರೋದು ಕಾಗದ, ಅಂಟು ಅಷ್ಟೇ ಮೇಡಂ” ಎಂದ ಗುಮಾಸ್ತ. ಅವನ ಚೀಲದಲ್ಲಿ ಸುತ್ತಿಗೆ ಸಿಕ್ಕಿತು. ಗುಂಪು ಹೋ ಎಂದಿತು. ರಸ್ತೆಯಲ್ಲಿ ಬೋರ್ಡು ಹೊಡೆಯೋಕೆ ಅಂತ ಅವನು ತೊದಲಿದ.

\* \* \*

ಹಲಗೆಯಿದ್ದ ಜಾಗದಲ್ಲಿ ನೋಟೀಸು ಕಾಣುತ್ತಿತ್ತು. ಇನ್‌ಸ್ಪೆಕ್ಟರಮ್ಮ ಉಗುರಿನಿಂದ ಅಂಚು ಎಬ್ಬಿಸಿದಳು. ಕೆಳಗೆ ಇನ್ನೊಂದು ನೋಟೀಸು.

“ಎರಡು ಯಾಕೆ?”

“ಚಿಕಿತ್ಸೆಗೆ ಹೊರಗೆ ಹೋಗಬಹುದು ಅಂತ ಆದೇಶ ಬದಲಾಯ್ತು. ಹಳೇದರ ಮೇಲೇ ಹೊಸದು ಅಂಟಿಸೋದು ನಮ್ಮ ಪದ್ಧತಿ. ಗುರುವಾರ ಅಂಟಿಸಿದೆ” ಎಂದ ಗುಮಾಸ್ತ.

ಮೊಳೆಯ ತೂತು ಎರಡೂ ಕಾಗದದಲ್ಲಿತ್ತು. ಅವಳು ಹಲಗೆಯನ್ನು ಮಗುಚಿ ನೋಡಿದಳು, ಹಸಿರು ಬಣ್ಣ. ನೆಟ್ಟಗೆ ಸಂಘದ ಸ್ಟೋರ್ ರೂಮಿಗೆ ನಡೆದಳು. ಹಸಿರು ಕಪಾಟಿನಲ್ಲಿ ಒಂದು ಹಲಗೆ ಇರಲಿಲ್ಲ.

\* \* \*

“ಸೋಮವಾರವೇ ಹೊಡೆದಿದ್ರೆ ಗುರುವಾರದ ಕಾಗದ ಹಲಗೆ ಮೇಲಿರ್ತಿತ್ತು. ಹಲಗೆ ಕೆಳಗೆ ಹೇಗೆ ಹೋಯ್ತು ಕಾರ್ಯದರ್ಶಿಗಳೇ? ಗುಮಾಸ್ತ ಹೋದ ಮೇಲೆ ಹೊಡೆದಿದ್ದು. ಹೊರಗೆ ಹೋಗಬಹುದು ಅನ್ನೋ ಸಾಲು ಓದಿ ಹೆದರಿದ್ರಿ. ಸ್ಟೋರ್ ರೂಮಿನ ಬೀಗದ ಕೈ ಇರೋದು ನಿಮ್ಮೊಬ್ಬರ ಹತ್ತಿರ.”

ಕಾರ್ಯದರ್ಶಿ ಸಿಡಿದ. “ನೂರು ಜನ ಇದೀವಿ ಇಲ್ಲಿ! ಅವನೊಬ್ಬನಿಗೋಸ್ಕರ ಎಲ್ಲರೂ ಸಾಯಬೇಕಾ?”

“ಅವನು ಬಾಗಿಲು ಬಡಿದಾಗ ಆ ನೂರು ಜನ ಎಲ್ಲಿದ್ರಿ?” ಎಂದಳು ಅಕ್ಕ.

ನೆರೆಹೊರೆಯವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕಾರ್ಯದರ್ಶಿಯ ಕೈಗೆ ಕೋಳ ಬಿತ್ತು.

“ನನಗೂ ಹಕ್ಕಿದೆ. ವಕೀಲರನ್ನ ಕರೆಸಿ!”

“ಕರೆಸ್ತೀನಿ” ಎಂದಳು ಇನ್‌ಸ್ಪೆಕ್ಟರಮ್ಮ. “ಉಸಿರು ಕಟ್ಟಿದ್ರೆ ಡಾಕ್ಟರನ್ನೂ ಕರೆಸ್ತೀನಿ. ಲಾಕಪ್ಪಿನ ಬಾಗಿಲು ಬಡೀರಿ ಸಾಕು. ನಮ್ಮಲ್ಲಿ ಯಾರಾದ್ರೂ ಬಂದು ತೆಗೀತಾರೆ.”