ಕಂಡಕ್ಟರ್ ಅಮ್ಮ ಯಾಕೆ ಸುಮ್ಮನಾದಳು?

"ಬ್ರೇಕ್ ಹಾಕಿದ್ರು. ನಿಂತಿದ್ದವರೆಲ್ಲ ಮುಂದಕ್ಕೆ ಬಿದ್ರು. ಯಾಕೆ?"

ಅಮ್ಮನ ಧ್ವನಿ! ಅದೂ ಬಾತ್‌ರೂಮಿನ ಒಳಗಿಂದ! ಹಲ್ಲುಜ್ಜಲು ಬ್ರಷ್ ಹಿಡಿದು ಹೊರಗೆ ಕಾಯುತ್ತಿದ್ದ ಸಿಐಡಿ ಬಾಗಿಲಿಗೆ ಕಿವಿ ಅಂಟಿಸಿದಳು.

ಒಳಗೆ ಸದ್ದಿಲ್ಲ. ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಮತ್ತೆ ಶುರು ಮಾಡಿದಳು. "ಹೆದರ್ಬೇಡ. ಗೊತ್ತಿರೋದನ್ನ ಹೇಳು."

ಯಾರಿಗೆ ಹೇಳುತ್ತಿದ್ದಾಳೆ? ಒಳಗೆ ಬಕೆಟ್ಟು, ಮಗ್ಗು ಬಿಟ್ಟರೆ ನರಪಿಳ್ಳೆಯೂ ಇಲ್ಲ.

ಸಿಐಡಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಐದನೇ ಕ್ಲಾಸಿನ ಹುಡುಗಿಗೆ ಯಾರಾದರೂ ಹಾಗೆ ಹೆಸರಿಡುತ್ತಾರಾ? ಅದು ಅಜ್ಜಿ ಇಟ್ಟದ್ದು. ಡಬ್ಬಿಯಲ್ಲಿ ಒಂದು ಬಿಸ್ಕೆಟ್ ಕಮ್ಮಿಯಾದರೂ ಎಲ್ಲರ ಬಾಯಿ ಮೂಸಿ ನೋಡುವವಳಿಗೆ ಇನ್ಯಾವ ಹೆಸರು ಒಪ್ಪುತ್ತದೆ ಹೇಳಿ!

ಅಮ್ಮ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಮುಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುವವರೂ ಎದ್ದು ಕೂರಬೇಕು, ಅಂಥ ಗಂಟಲು. ಕಂಡಕ್ಟರ್ ಆದವಳಿಗೆ ಕಾಯುವ ಪುರಸೊತ್ತು ಎಲ್ಲಿಂದ ಬರಬೇಕು? ಮನೆಯಲ್ಲೂ ಪ್ರಶ್ನೆ ಅವಳದೇ, ಉತ್ತರವೂ ಅವಳದೇ. "ಸ್ಕೂಲ್ ಹೇಗಿತ್ತು? ಚೆನ್ನಾಗಿತ್ತಲ್ವಾ? ಸರಿ, ಕೈ ತೊಳ್ಕೋ." ಸಿಐಡಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅಡುಗೆಮನೆ ಸೇರಿರುತ್ತಿದ್ದಳು.

ಅಂಥ ಅಮ್ಮ ಈಚೆಗೆ ಬದಲಾಗಿದ್ದಳು.

ಮೊನ್ನೆ ಊಟಕ್ಕೆ ಬಡಿಸುತ್ತಾ, "ಇವತ್ತು ಸ್ಕೂಲಲ್ಲಿ ಏನಾಯ್ತು?" ಎಂದು ಕೇಳಿದವಳು ಅಲ್ಲಿಗೇ ನಿಲ್ಲಿಸಿಬಿಟ್ಟಳು. ಕಣ್ಣು ಮಗಳ ಮೇಲೆ. ಒಂದು ಕೈ ಬೆನ್ನ ಹಿಂದೆ. ತುಟಿ ಪಿಟಕ್ಕೆನ್ನಲಿಲ್ಲ. ಸಿಐಡಿ ಅತ್ತ ನೋಡಿದಳು, ಇತ್ತ ನೋಡಿದಳು, ತಡೆಯಲಾಗಲಿಲ್ಲ.

"ಟಿಫಿನ್ ಬಾಕ್ಸ್ ಮುಚ್ಚಳ ಕಳೀತು ಅಮ್ಮಾ."

ಅಯ್ಯೋ! ಅಷ್ಟು ಜೋಪಾನವಾಗಿ ಮುಚ್ಚಿಟ್ಟಿದ್ದ ಗುಟ್ಟು ತಾನೇ ಬಾಯಿಂದ ಜಾರಿತ್ತು. ಆದರೆ ಅಮ್ಮ ಬೈಯಲೇ ಇಲ್ಲ. "ಓ, ಕೆಲಸ ಮಾಡುತ್ತೆ!" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಖುಷಿಯಾಗಿ ನಕ್ಕಳು.

ಮುಚ್ಚಳ ಕಳೆದರೆ ಯಾರಾದರೂ ನಗುತ್ತಾರಾ? ಏನೋ ಇದೆ, ಎಂದುಕೊಂಡಳು ಸಿಐಡಿ. ಅವತ್ತಿನಿಂದ ಅವಳು ಅಮ್ಮನ ಮೇಲೆ ಒಂದು ಕಣ್ಣಿಟ್ಟಳು. ಸಂಜೆ ಬಂದಾಗ ಅಮ್ಮನ ಬ್ಯಾಗಿನ ಮೇಲೆ ಬಿಳಿ ಪುಡಿ ಇರುತ್ತಿತ್ತು. ಯೂನಿಫಾರ್ಮ್ ಮಾತ್ರ ಬೆಳಗ್ಗೆ ಇಸ್ತ್ರಿ ಮಾಡಿದ ಹಾಗೇ ಇರುತ್ತಿತ್ತು. ತುಂಬಿದ ಬಸ್ಸಿನಲ್ಲಿ ದಿನವಿಡೀ ಓಡಾಡಿದವರ ಬಟ್ಟೆ ಹೀಗಿರುತ್ತದೆಯೇ?

ಇವತ್ತು ಬಾತ್‌ರೂಮಿನ ಮಾತು ತಲೆಯಲ್ಲಿ ಇಟ್ಟುಕೊಂಡೇ ಅವಳು ಸ್ಕೂಲಿಗೆ ಹೋದಳು. ಅಲ್ಲಿ ಪಕ್ಕದಲ್ಲಿ ಕೂರುವ ಗೆಳತಿ ಕಡ್ಡಿ ಇನ್ನೊಂದು ಬಾಂಬ್ ಹಾಕಿದಳು. ಕಡ್ಡಿ ದಿನವೂ ಬರುವುದು ಅಮ್ಮನ ಬಸ್ಸಿನಲ್ಲೇ.

"ನಿಮ್ಮಮ್ಮ ಎಲ್ಲೇ? ಈ ವಾರ ಪೂರ್ತಿ ಯಾರೋ ಮೀಸೆ ಅಂಕಲ್ ಟಿಕೆಟ್ ಕೊಡ್ತಿದಾರೆ."

"ಸುಳ್ಳು! ಅಮ್ಮ ದಿನಾ ಯೂನಿಫಾರ್ಮ್ ಹಾಕ್ಕೊಂಡೇ ಡ್ಯೂಟಿಗೆ ಹೋಗ್ತಾಳೆ."

"ನಾನ್ಯಾಕೆ ಸುಳ್ಳು ಹೇಳ್ಲಿ? ಪಾಪ, ಅವರಿಗೆ ಸ್ಟಾಪ್ ಹೆಸರೂ ಸರಿಯಾಗಿ ಗೊತ್ತಿಲ್ಲ. ನಾನೇ ಹೇಳಿಕೊಡ್ತಿದೀನಿ."

ಸಿಐಡಿಗೆ ಬೆಳಗ್ಗೆ ಕೇಳಿದ ಮಾತು ನೆನಪಾಯಿತು. ಬ್ರೇಕ್ ಹಾಕಿದ್ರು. ನಿಂತಿದ್ದವರೆಲ್ಲ ಬಿದ್ರು. ಯಾಕೆ? ಈಗ ಗೊತ್ತಾಯಿತು! ಅಮ್ಮನ ಬಸ್ಸಿನಲ್ಲಿ ಯಾರೋ ಬಿದ್ದಿದ್ದಾರೆ. ಅಮ್ಮನನ್ನು ಕೆಲಸದಿಂದ ತೆಗೆದಿದ್ದಾರೆ. ದೊಡ್ಡ ಆಫೀಸರ್ ಮುಂದೆ ಏನು ಹೇಳಬೇಕೆಂದು ಬಾತ್‌ರೂಮಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾಳೆ. ಮನೆಯಲ್ಲಿ ಗೊತ್ತಾಗಬಾರದೆಂದು ಸುಮ್ಮಸುಮ್ಮನೆ ಯೂನಿಫಾರ್ಮ್ ಹಾಕಿಕೊಂಡು ಎಲ್ಲೋ ಅಲೆಯುತ್ತಿದ್ದಾಳೆ! ಲೆಕ್ಕದ ಪಿರಿಯಡ್ಡಿನಲ್ಲಿ ಅವಳಿಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಅಳು ಬರುವ ಹಾಗಿತ್ತು.

ಸ್ಕೂಲ್ ಬಿಟ್ಟಾಗ ಅಜ್ಜಿ ಎಂದಿನಂತೆ ಗೇಟಿನ ಹತ್ತಿರ ನಿಂತಿದ್ದರು.

"ಅಜ್ಜಿ, ಅಮ್ಮನ ಕೆಲಸ ಹೋಯ್ತಾ?"

ಅಜ್ಜಿ ಬೆಚ್ಚಿಬಿದ್ದರು. "ಬಿಡ್ತು ಅನ್ನು! ಯಾರೇ ಹೇಳಿದ್ದು? ನಡಿ ನಡಿ, ಇವತ್ತು ಮಾರ್ಕೆಟ್ ಕಡೆಯಿಂದ ಹೋಗೋಣ."

ಮಾರ್ಕೆಟ್ ದಾರಿ ಸುತ್ತು. ಹಾಲು ತರಲು ಹೋಗುವಾಗಲೂ 'ಅಯ್ಯೋ ನನ್ನ ಮಂಡಿ' ಅನ್ನುವ ಅಜ್ಜಿ ಸುತ್ತಿ ಬಳಸಿ ಹೋಗುವುದೇ? ಅಂದರೆ ಇವರೂ ಇದರಲ್ಲಿ ಶಾಮೀಲು! ಸಿಐಡಿ ಅಜ್ಜಿಯನ್ನು ಓರೆಗಣ್ಣಿನಿಂದ ನೋಡುತ್ತಾ ಹಿಂದೆಯೇ ನಡೆದಳು.

ದೊಡ್ಡ ಹೈಸ್ಕೂಲಿನ ಪಕ್ಕದ ಓಣಿಗೆ ಬಂದಾಗ ಅಜ್ಜಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತರು. ಚಪ್ಪಲಿ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಕಿಟಕಿಯಿಂದ ಒಂದು ಧ್ವನಿ ಓಣಿಗೆಲ್ಲ ಕೇಳಿಸಿತು.

"ನೀವು ಬಸ್ಸಲ್ಲಿ ನಿಂತಿದೀರ ಅಂದ್ಕೊಳ್ಳಿ!"

ಆ ಗಂಟಲು ಊರಿಗೆಲ್ಲ ಒಂದೇ! ಸಿಐಡಿ ಓಡಿಹೋಗಿ ಗೋಡೆ ಪಕ್ಕದ ಇಟ್ಟಿಗೆ ರಾಶಿ ಹತ್ತಿದಳು. ಕಿಟಕಿಯೊಳಗೆ ಇಣುಕಿದಳು.

ಬೋರ್ಡಿನ ಮುಂದೆ ಅಮ್ಮ! ಯೂನಿಫಾರ್ಮ್ ಇಲ್ಲ, ಆಕಾಶಬಣ್ಣದ ಹೊಸ ಬಟ್ಟೆ. ಕೈಯಲ್ಲಿ ಚಾಕ್‌ಪೀಸ್. ಬಿಳಿ ಪುಡಿ ಎಲ್ಲಿಯದೆಂದು ಈಗ ತಿಳಿಯಿತು. ಬೆಂಚುಗಳ ತುಂಬ ಒಂಬತ್ತನೇ ಕ್ಲಾಸಿನವರು. ಹಿಂದೆ ಗೋಡೆಗೆ ಒರಗಿ ಒಬ್ಬ ಕನ್ನಡಕದ ಮೇಡಂ ಪೆನ್ ಹಿಡಿದು ಕೂತಿದ್ದಾರೆ. ಅವರ ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ಅಮ್—" ಎನ್ನುವಷ್ಟರಲ್ಲಿ ಅಜ್ಜಿ ಬಾಯಿ ಮುಚ್ಚಿದರು.

"ಶ್! ಕೂಗಿದ್ರೆ ಕೆಟ್ಟಿತು. ಇವತ್ತು ಅವಳಿಗೆ ಪರೀಕ್ಷೆ."

"ಅಮ್ಮಂದು ಎಂ.ಎಸ್ಸಿ. ಆಗ್ಲೇ ಪಾಸಾಯ್ತಲ್ಲ? ಕೇಕ್ ತಿಂದ್ವಲ್ಲ?" ಸಿಐಡಿ ಪಿಸುಗುಟ್ಟಿದಳು.

"ಹೈಸ್ಕೂಲಲ್ಲಿ ಪಾಠ ಮಾಡೋಕೆ ಅದೊಂದೇ ಸಾಕಾಗಲ್ಲ ಕಣೇ. ಬಿ.ಎಡ್. ಅಂತ ಇನ್ನೊಂದು ಆಗ್ಬೇಕು. ಭಾನುವಾರ ಓವರ್‌ಟೈಮ್ ಅಂತ ಹೋಗ್ತಿದ್ಳಲ್ಲ, ಅದೇ ಕ್ಲಾಸು. ಈ ವಾರ ರಜ ಹಾಕಿ ಇಲ್ಲಿ ಪಾಠ ಮಾಡ್ತಿದಾಳೆ. ಆ ಕನ್ನಡಕದೋರು ಪಾಸ್ ಅಂದ್ರೆ ಟೀಚರ್."

"ನನಗ್ಯಾಕೆ ಹೇಳ್ಲಿಲ್ಲ?"

"ಹೋದ ವರ್ಷ ಇದೇ ಪರೀಕ್ಷೇಲಿ ಫೇಲಾದ್ಳು. ಪ್ರಶ್ನೆ ಕೇಳ್ತಾಳಂತೆ, ಮಕ್ಕಳು ಬಾಯಿ ಬಿಡೋದ್ರೊಳಗೆ ತಾನೇ ಉತ್ತರ ಹೇಳ್ತಾಳಂತೆ! ಮಕ್ಕಳಿಗೆ ಯೋಚನೆ ಮಾಡೋಕೆ ಟೈಮ್ ಕೊಡಮ್ಮಾ ಅಂತ ಬರೆದು ಕಳಿಸಿದ್ರು. ಡಿಪೋದಲ್ಲಿ ಎಲ್ಲರೂ 'ಏನ್ ಟೀಚರಮ್ಮಾ' ಅಂತ ಆಡ್ಕೊಂಡ್ರು. ಒಂದು ರಾತ್ರಿ ಪೂರ್ತಿ ಅತ್ಳು ನಿಮ್ಮಮ್ಮ. ಈ ಸಲ ಪಾಸಾದ್ಮೇಲೇ ಹೇಳೋದು ಅಂದ್ಬಿಟ್ಳು. ನಿನ್ನ ಬಾಯಲ್ಲಂತೂ ಮಾತು ನಿಲ್ಲಲ್ಲ."

ಅಮ್ಮ ಅತ್ತಿದ್ದಳೇ? ಮನೆಯ ಬಿಸ್ಕೆಟ್ಟನ್ನೆಲ್ಲ ಎಣಿಸುವ ಸಿಐಡಿಗೆ ಅದು ಮಾತ್ರ ಗೊತ್ತೇ ಆಗಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಒಳಗೆ ಅಮ್ಮ ಕೇಳುತ್ತಿದ್ದಳು. "ಡ್ರೈವರ್ ಬ್ರೇಕ್ ಹಾಕಿದ್ರು. ನಿಂತಿದ್ದವರೆಲ್ಲ ಮುಂದಕ್ಕೆ ಬಿದ್ರು. ಯಾಕೆ?"

ಕ್ಲಾಸು ಗಪ್‌ಚುಪ್.

ಯಾರೂ ಕೈ ಎತ್ತಲಿಲ್ಲ. ಒಬ್ಬ ಮೇಲೆ ಫ್ಯಾನ್ ನೋಡುತ್ತಿದ್ದ. ಕನ್ನಡಕದ ಮೇಡಂ ತಲೆಯೆತ್ತಿದರು. ಅಮ್ಮನ ಒಂದು ಕೈ ಬೆನ್ನ ಹಿಂದಿತ್ತು. ಹೆಬ್ಬೆರಳು ಮಿಕ್ಕ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಿತ್ತು. ಓ, ಎಣಿಸುತ್ತಿದ್ದಾಳೆ! ಊಟದ ಹೊತ್ತಿನಲ್ಲೂ ಇದೇ ಕೈ, ಇದೇ ಮೌನ!

ಅಮ್ಮನ ತುಟಿ ಬಿಚ್ಚಿಕೊಂಡಿತು. ಹೇಳಬೇಡ ಅಮ್ಮ, ಹೇಳಬೇಡ! ಸಿಐಡಿ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಳು. ಅಮ್ಮನ ತುಟಿ ಮತ್ತೆ ಮುಚ್ಚಿತು. ಹೆಬ್ಬೆರಳು ಮೊದಲಿನಿಂದ ಶುರು ಮಾಡಿತು.

ಕೊನೆಗೆ ಹಿಂದಿನ ಬೆಂಚಿನ ಉದ್ದನೆಯ ಹುಡುಗ ತಲೆ ಕೆರೆದುಕೊಳ್ಳುತ್ತಾ ಎದ್ದ. "ಮಿಸ್, ಕಾಲು ಬಸ್ ಜೊತೆ ನಿಂತ್ಬಿಡುತ್ತೆ. ಮೈಗೆ ಮಾತ್ರ ಬಸ್ ನಿಂತಿದ್ದು ಇನ್ನೂ ಗೊತ್ತಾಗಿರಲ್ಲ. ಅದು ಹೋಗ್ತಾನೇ ಇರುತ್ತೆ."

ಕ್ಲಾಸು ನಕ್ಕಿತು. ಅಮ್ಮನೂ ನಕ್ಕಳು. "ಭೇಷ್! ಇನ್ನೊಂದ್ಸಲ ಹೇಳು, ಎಲ್ಲರಿಗೂ ಕೇಳ್ಲಿ." ಕನ್ನಡಕದ ಮೇಡಂ ಏನೋ ಬರೆದುಕೊಂಡರು.

ಬೆಲ್ ಹೊಡೆಯಿತು. ಮಕ್ಕಳು ಬಾಗಿಲಿಗೆ ಮುಗಿಬಿದ್ದರು. ಅಮ್ಮನ ಗಂಟಲು ಮೊಳಗಿತು. "ನೂಕ್ಬೇಡಿ! ಒಬ್ಬೊಬ್ಬರೇ ಇಳೀರಿ, ಇಳಿಯೋರಿಗೆ ದಾರಿ ಬಿಡಿ!"

ಕನ್ನಡಕದ ಮೇಡಂ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟರು. ಅಜ್ಜಿ ಮೊಮ್ಮಗಳನ್ನು ದರದರ ಎಳೆದುಕೊಂಡು ಮನೆಗೆ ಹೊರಟರು.

ಸಂಜೆ ಅಮ್ಮ ಬಂದಳು. ಮೈಮೇಲೆ ಮಡಿಕೆ ಮುರಿಯದ ಯೂನಿಫಾರ್ಮ್. ಅಜ್ಜಿ ಏನೂ ಅರಿಯದವರ ಹಾಗೆ ಟೀ ಸೋಸುತ್ತಿದ್ದರು.

"ಅಮ್ಮಾ, ಇವತ್ತು ಏನಾಯ್ತು?" ಸಿಐಡಿ ಕೇಳಿದಳು.

"ಏನಾಗುತ್ತೆ, ದಿನಾ ಇದ್ದದ್ದೇ. ಕೈ ತೊಳ್ಕೊಂಡ್ಯಾ?"

ಸಿಐಡಿ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಅಮ್ಮನನ್ನೇ ನೋಡುತ್ತಾ ನಿಂತಳು. ಹೆಬ್ಬೆರಳು ಒಂದೊಂದೇ ಬೆರಳನ್ನು ಮುಟ್ಟುತ್ತಾ ಹೋಯಿತು.

ಅಮ್ಮ ಅಡುಗೆಮನೆಯ ಕಡೆ ಎರಡು ಹೆಜ್ಜೆ ಹಾಕಿದವಳು ನಿಂತಳು. ತಿರುಗಿ ನೋಡಿದಳು. ಆಮೇಲೆ ಬ್ಯಾಗು ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತಳು. ಅವಳ ಕಣ್ಣು ತುಂಬಿತ್ತು.

"ನಾನು ಇವತ್ತು ಕಾದೆ ಕಣೇ," ಎಂದಳು.

'ನಾನು ನೋಡಿದೆ!' ಅನ್ನುವ ಮಾತು ಸಿಐಡಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು ಅಮ್ಮನ ಹತ್ತಿರ ಕೂತಳು.

"ಆಮೇಲೆ?" ಎಂದಳು.