ಹಬೆ ಹಿಡಿದ ಕನ್ನಡಕ

“ಗ್ಲಾಸು ಸರಿ ಇಲ್ಲ ಮೇಡಂ. ಹಾಕ್ಕೊಂಡ್ರೆ ಸಾಕು, ಹಬೆ ಹಿಡಿಯುತ್ತೆ,” ಎಂದು ಜಗಳಕ್ಕೇ ಬಂದವರು ಡ್ರಾಯಿಂಗ್ ಮೇಷ್ಟ್ರು. ಕನ್ನಡಕದಂಗಡಿಯಲ್ಲಿ ಆರು ವರ್ಷದಿಂದ ಗ್ಲಾಸು ಕೂರಿಸುವವಳು ನಾನು. ನನ್ನ ಕೆಲಸಕ್ಕೆ ಹೆಸರಿಟ್ಟರೆ ಮೈ ಉರಿಯುತ್ತದೆ.

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ಸಡಿಲ ಇರೋದು ನಿಮ್ಮ ಮಾಸ್ಕು. ಮೂಗಿನ ಮೇಲಿರೋ ತಂತಿ ಒತ್ತಿ.”

ಒತ್ತಿದರು. ಹಬೆ ಕರಗಿ, ನಗುವ ಎರಡು ಕಣ್ಣು ಕಂಡವು. ಕೆಳಗೆ, ಮಾಸ್ಕಿನ ಎರಡೂ ಬದಿಯಿಂದ ಇಣುಕುವ ಸೊಂಪಾದ ಗಡ್ಡ.

ಆಮೇಲೆ ವಾರಕ್ಕೊಮ್ಮೆ ಅವರ ಕನ್ನಡಕದ ಸ್ಕ್ರೂ ಸಡಿಲವಾಗತೊಡಗಿತು.

“ಅದು ತಾನಾಗೇ ಸಡಿಲ ಆಗಲ್ಲ ಮೇಷ್ಟ್ರೇ,” ಎಂದೆ ಒಂದು ದಿನ.

“ನಾನೇ ತಿರುಗಿಸ್ತೀನಿ ಅಂತ ಗೊತ್ತಾಗೋಯ್ತಾ?” ಎಂದು ಕಣ್ಣು ತಗ್ಗಿಸಿದರು. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿತು.

ಮನೆಯಲ್ಲಿ ಅಮ್ಮನಿಗೆ ಕ್ಯಾನ್ಸರ್ ಚಿಕಿತ್ಸೆ ನಡೆದಿತ್ತು. ಒಂದು ನೆಗಡಿಯೂ ಅವಳಿಗೆ ಯಮ. ಆರೋಗ್ಯವಾಗಿ ಕಾಣುವವರ ಉಸಿರಲ್ಲೂ ವೈರಸ್ ಇರಬಹುದು, ಮಾಸ್ಕ್ ಅದನ್ನು ಬಹಳಷ್ಟು ತಡೆಯುತ್ತದೆ, ಆದರೆ ಸಂದಿ ಬಿಟ್ಟರೆ ಅಲ್ಲಿಂದಲೇ ನುಸುಳುತ್ತದೆ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಗಡ್ಡವಿದ್ದರೆ ಸಂದಿ ಬಿಡುತ್ತದೆ ಎಂದೂ ಹೇಳಿದ್ದರು. ಮೇಷ್ಟ್ರಿಗೆ ಗಡ್ಡ ಚೆನ್ನಾಗಿ ಒಪ್ಪುತ್ತಿತ್ತು. ತೆಗೆಯಿರಿ ಎನ್ನಲು ಮನಸ್ಸು ಬರಲಿಲ್ಲ.

ಅಮ್ಮನ ಹತ್ತಿರ ಮದುವೆ ಮಾತಾಡಲು ಮಾಸ್ಕ್ ಹಾಕಿಕೊಂಡು ಅವರೇ ಮನೆಗೆ ಬಂದರು. “ಏನಪ್ಪಾ, ಆ ಗಡ್ಡದೊಳಗೆ ಗುಬ್ಬಿ ಏನಾದ್ರೂ ಗೂಡು ಕಟ್ಟಿದ್ಯಾ?” ಎಂದು ಅಮ್ಮ ಕೇಳಿದಾಗ ಬಿದ್ದು ಬಿದ್ದು ನಕ್ಕರು. ಕನ್ನಡಕಕ್ಕೆ ಹಬೆ ಹಿಡಿಯಿತು. ಒರೆಸಿಕೊಂಡರು, ಮತ್ತೆ ಹಿಡಿಯಿತು. ಮಾಸ್ಕಿನ ಸಂದಿಯಿಂದ ಉಸಿರು ಹೊರಗೆ ನುಗ್ಗುತ್ತಿದೆ ಎಂದು ನನಗೆ ಕೂಡಲೇ ತಿಳಿಯಿತು. ಅಮ್ಮ ಎಷ್ಟೋ ತಿಂಗಳ ಮೇಲೆ ನಗುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ.

ಮಾರನೆಯ ದಿನ ಅವರಿಗೆ ನೆಗಡಿ. ನಾಲ್ಕನೆಯ ದಿನ ಅಮ್ಮನಿಗೆ ಜ್ವರ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅಮ್ಮ ಹೋದಳು.

ತಿಂಗಳಾದ ಮೇಲೆ ಮೇಷ್ಟ್ರು ಅಂಗಡಿಗೆ ಬಂದು, ನನ್ನೆದುರಿನ ಸ್ಟೂಲಿನಲ್ಲಿ ಕೂತರು. ಕಣ್ಣು ಗುಳಿ ಬಿದ್ದಿತ್ತು.

“ಒಂದೇ ಮಾತು ಕೇಳ್ತೀನಿ. ಅವತ್ತು ಒಂದು ಕ್ಷಣಾನೂ ಮಾಸ್ಕ್ ತೆಗೀಲಿಲ್ಲ ನಾನು. ಹಾಗಾದ್ರೆ ನನ್ನಿಂದ ಬಂದಿದ್ದಲ್ಲ, ಅಲ್ವಾ? ನೀವು ಅಲ್ಲ ಅಂದ್ಬಿಡಿ, ನಂಬ್ತೀನಿ. ಮದುವೆ ಆಗೋಣ.”

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆ ತುದಿಗೇ ಬಂದಿತ್ತು. ಆದರೆ ಆ ಸುಳ್ಳನ್ನು ಇಟ್ಟುಕೊಂಡು ಸಂಸಾರ ಮಾಡುವುದು ಹೇಗೆ?

“ಎಲ್ಲಿಂದ ಬಂತೋ ಡಾಕ್ಟ್ರಿಗೂ ಗೊತ್ತಿಲ್ಲ. ಆದ್ರೆ ಅವತ್ತು ನಿಮ್ಮ ಮಾಸ್ಕ್ ಸಂದಿ ಬಿಟ್ಟಿತ್ತು. ನಿಮಗದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನೋಡ್ಕೊಂಡೇ ಕೂತಿದ್ದೆ.”

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಎದ್ದು ಹೋಗ್ಬಿಡ್ತಿದ್ರಿ.”

ಅವರ ಕಣ್ಣು ತುಂಬಿತು. ನಿಧಾನವಾಗಿ ಎದ್ದು ಹೋದರು. ಪ್ರಾಣದಷ್ಟು ಪ್ರೀತಿಸುತ್ತಿದ್ದೆ ಅವರನ್ನು. ಕರೆಯಲಿಲ್ಲ.