ಯಾದಿಯ ಏಳನೇ ಸಾಮಾನು

“ಈ ಮೇಜು ಅರವತ್ತು ವರ್ಷದ್ದಲ್ರಿ. ಒಂದು ವರ್ಷದ್ದೂ ಅಲ್ಲ!”

ಮಲೀಕಸಾಬ ಮೇಜಿನ ಅಡಿಯಿಂದ ಹೊರಬಂದು, ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ ಹೇಳಿದ. ಮಸ್ಕಿಯ ಅಂಬಮ್ಮನ ಪಡಸಾಲೆಯಲ್ಲಿ ಸಾಕ್ಷಿಗೆಂದು ಬಂದು ಗೋಡೆಗೆ ಒರಗಿ ಕೂತಿದ್ದ ಪಂಚರು ಎದ್ದು ನಿಂತರು.

ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಮರಿಸ್ವಾಮಿ. ಅವನು ಲಿಂಗಸುಗೂರಿನ ಮುನ್ಸಿಫ್ ಕೋರ್ಟಿನ ಅಮೀನ; ಜಪ್ತಿ, ಯಾದಿಯ ಕೆಲಸ ಅವನದು. ಮೂರು ತಿಂಗಳ ಹಿಂದೆ ಇದೇ ಮನೆಯ ಸಾಮಾನಿನ ಯಾದಿಗೆ ಸಹಿ ಹಾಕಿದವನು ಅವನೇ. ಕಾಗದ ಬಿಡಿಸಿ ಅದನ್ನೇ ಮತ್ತೆ ಓದಿದ:

“ಏಳನೇ ಸಾಮಾನು. ದುಂಡು ಮೇಜು ಒಂದು. ಬರ್ಮಾ ಸಾಗವಾನಿ, ಛಾವಣಿ ಕಾಲದ್ದು. ಉದ್ದ ನಲವತ್ತೆರಡು ಇಂಚು, ಅಡ್ಡ ನಲವತ್ತೆರಡು ಇಂಚು. ಕಿಮ್ಮತ್ತು ನಾಲ್ಕುನೂರಾ ಐವತ್ತು.”

“ಸಾಗವಾನಿ ಎಲ್ಲೈತ್ರಿ ಇದರಾಗ? ಬೇವಿನ ಹಲಗಿ. ತಳಕ್ಕ ದೀಪದ ಕಾಡಿಗಿ ಬಳದಾರ, ಮ್ಯಾಲ ಅರಗಿನ ಪಾಲಿಶ್ ತಿಕ್ಯಾರ. ಮೂವತ್ತು ರೂಪಾಯಿ ಕೊಟ್ರ ಹೆಚ್ಚು.”

ಮಲೀಕಸಾಬ ಲಿಂಗಸುಗೂರಿನ ಹಳೇ ಬಡಗಿ. ಇಂಗ್ಲಿಷ್ ದೊರೆಗಳು ದಂಡಿನ ಛಾವಣಿ ಬಿಟ್ಟುಹೋದಾಗ ಉಳಿದ ಕುರ್ಚಿ, ಮೇಜು, ಕಪಾಟುಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದ ಕೈ ಅದು. ಅವನ ಮಾತಿಗೆ ಕೋರ್ಟಿನಲ್ಲಿ ತೂಕವಿತ್ತು.

“ಕೇಳಿದ್ರಾ ಪಂಚರು?” ಶಿವಶರಣಪ್ಪ ಧಡಕ್ಕನೆ ಬಾಗಿಲಿಗೆ ಬಂದು, ಬಜಾರಿನ ಕಡೆ ಮುಖ ಮಾಡಿ ಕೂಗಿದ. “ನಮ್ಮಪ್ಪ ಹರಾಜಿನ್ಯಾಗ ಹಿಡದು ತಂದ ಮೇಜು! ಮೂರು ತಿಂಗಳಿಂದ ಈಕಿ ಜಿಮ್ಮಾದಾಗ ಇತ್ತು. ಮಾರ್ಕೊಂಡು ತಿಂದಾಳ! ಕಳ್ಳಿ!”

ಅವನು ಅಂಬಮ್ಮನ ಗಂಡನ ಅಣ್ಣ. ಅವಳ ಗಂಡ ಅಮರಗುಂಡಪ್ಪ ತೀರಿಕೊಂಡು ವರ್ಷವೂ ತುಂಬಿರಲಿಲ್ಲ; ಪಾಲಿನ ದಾವೆ ಆಗಲೇ ಕೋರ್ಟಿನಲ್ಲಿತ್ತು. ಮನೆಯ ಸಾಮಾನಿಗೆಲ್ಲ ಬೆಲೆ ಕಟ್ಟಿಸಿ ಎರಡು ಪಾಲು ಮಾಡಿದ್ದರು. ಭಾರೀ ಕಿಮ್ಮತ್ತಿನ ಮೇಜು ಅಂಬಮ್ಮನ ಪಾಲಿಗೆ. ಅದಕ್ಕೆ ಸರಿದೂಗಿಸಲು ಬಜಾರಿನ ಕಡೆಯ ಅಂಗಡಿ ಕೋಣೆ ಭಾವನ ಪಾಲಿಗೆ. “ಕೋಣಿ ಇದ್ರ ಕಿರಾಣಿ ಇಟ್ಕೊಂಡು ಬದುಕ್ತೀನಿ. ಮೇಜು ಏನು ನೆಕ್ಕಲೇನ್ರಿ?” ಎಂದು ಅಂಬಮ್ಮ ಅರ್ಜಿ ಹಾಕಿದ್ದಳು. ಹಾಗಾಗಿ ಎರಡನೇ ಸಲ ಬೆಲೆ ಕಟ್ಟಲು ಕೋರ್ಟು ಮಲೀಕಸಾಬನನ್ನು ಕಳಿಸಿತ್ತು.

ಈಗ ಅದೇ ಅರ್ಜಿ ಅವಳ ಕೊರಳಿಗೆ ಬಂತು. ಕೋರ್ಟು ಅವಳ ಜಿಮ್ಮಾಕ್ಕೆ ಒಪ್ಪಿಸಿದ ಸಾಮಾನು ಮಾರಿದ್ದಾಳೆಂದರೆ ಜೈಲು. ಬಾಗಿಲಲ್ಲಿ ಜನ ಸೇರಿತು. ಯಾರೋ ನಕ್ಕರು.

ಅಂಬಮ್ಮ ಅಳಲಿಲ್ಲ. ನೆತ್ತಿಯ ಮೇಲಿನ ಸೆರಗು ಬಿಗಿಮಾಡಿಕೊಂಡು ಭಾವನ ಎದುರಿಗೇ ಬಂದು ನಿಂತಳು. “ಯಾರಿಗೆ ಮಾರೀನಿ, ಹೆಸರು ಹೇಳ್ರಿ. ಇಷ್ಟು ದೊಡ್ಡ ಮೇಜು ಸೆರಗಿನ್ಯಾಗ ಕಟ್ಕೊಂಡು ಹೋದ್ನೇನು? ಈ ಓಣ್ಯಾಗ ಒಬ್ರಾದ್ರೂ ಕಂಡೀರೇನು?”

ಮಲೀಕಸಾಬ ತಣ್ಣಗೆ ಕೇಳಿದ:

“ಯವ್ವಾ, ಈ ಮೇಜು ಯಾವಾಗರ ಮನಿ ಬಿಟ್ಟು ಹೋಗಿತ್ತೇನು?”

“ನಾ ಇದ್ದಾಗ ಇಲ್ಲ.”

“ನೀ ಇಲ್ಲದಾಗ?”

“ನಮ್ಮವರು ರಾಯಚೂರಿನ ದವಾಖಾನ್ಯಾಗ ಇದ್ರು. ಇಪ್ಪತ್ತೆರಡು ದಿನ ಮನಿಗೆ ಕೀಲಿ.”

“ಕೀಲಿ ಯಾರ ಕೈಯಾಗ?”

“ಭಾವಾರ ಕೈಯಾಗ.”

“ತಿರುಗಿ ಬಂದ ಮ್ಯಾಲ ಮೇಜಿನ್ಯಾಗ ಫರಕು ಕಾಣಲಿಲ್ಲ?”

“ಯಪ್ಪಾ, ಬಂದ ಹದಿನೈದು ದಿನಕ್ಕ ಅವರು ಹೋದ್ರು. ನಾ ಮೇಜು ನೋಡ್ಲೋ, ಅವರ ಉಸಿರು ನೋಡ್ಲೋ?”

ಶಿವಶರಣಪ್ಪ ಕೈ ಚಪ್ಪರಿಸಿದ. “ಕೀಲಿ ಇಟ್ಕೊಂಡಾಂವ ಕಳ್ಳನೇನು? ಆಮ್ಯಾಲ ಸಿಂಧನೂರಿನ ಲಾಲಪ್ಪ ಬಂದು ಕಿಮ್ಮತ್ತು ಕಟ್ಯಾನಲ್ಲ? ಇಪ್ಪತ್ತು ವರ್ಷ ಕಟ್ಟಿಗಿ ವ್ಯಾಪಾರ ಮಾಡಿದಾಂವ. ಅವತ್ತು ಅಸಲಿ ಇತ್ತು, ಇವತ್ತು ನಕಲಿ ಐತಿ. ನಡುವ ಯಾರ ಹತ್ರ ಇತ್ತು? ಅದನ್ನ ಹೇಳ್ರಿ!”

ಮರಿಸ್ವಾಮಿ ಲೆಕ್ಕ ಹಾಕಿ ನೋಡಿದ. ಮಾತು ನೆಟ್ಟಗಿತ್ತು. ಎಲ್ಲಿಯೂ ಬಿರುಕು ಕಾಣಲಿಲ್ಲ.

ಮಲೀಕಸಾಬ ಮಾತ್ರ ಯಾದಿಯನ್ನು ಕೈಗೆ ತೆಗೆದುಕೊಂಡು ಏಳನೇ ಸಾಲಿನ ಮೇಲೆ ಬೆರಳಿಟ್ಟು ಎರಡೂ ಅಳತೆ ಮತ್ತೆ ಓದಿದ. ಆಮೇಲೆ ಕೇಳಿದ: “ಯವ್ವಾ, ಮನ್ಯಾಗ ಹಳೇ ಹೋಳಿಗಿ ಮಣಿ ಐತೇನು?”

“ಐತ್ರಿ. ಮದುವ್ಯಾಗ ತವರಿಂದ ತಂದದ್ದು. ಇಪ್ಪತ್ತೆಂಟು ವರ್ಷ ಆತು.”

ದುಂಡನೆಯ ಆ ಮಣೆಯನ್ನು ಬೆಳಕಿಗೆ ಹಿಡಿದು, ನೂಲಿನೆಳೆಯಿಂದ ಎರಡೂ ಕಡೆ ಅಳೆದ. ಪಂಚರಲ್ಲೊಬ್ಬ ಹಲ್ಲು ಕಿಸಿದ: “ಸಾಬರಿಗೆ ಹೋಳಿಗಿ ನೆನಪಾದ್ವು!”

“ಸೋಮವಾರ ಇದನ್ನ ಕೋರ್ಟಿಗೆ ತಗೊಂಡು ಬಾ ಯವ್ವಾ,” ಎಂದಷ್ಟೇ ಹೇಳಿ ಮಲೀಕಸಾಬ ಚಪ್ಪಲಿ ಮೆಟ್ಟಿದ.

ಮರುದಿನ ಮೊದಲ ಬಸ್ಸಿಗೆ ಮಲೀಕಸಾಬ, ಮರಿಸ್ವಾಮಿ ಇಬ್ಬರೂ ಸಿಂಧನೂರಿಗೆ ಹೋದರು. ಕಾಲುವೆ ಕೆಲಸಕ್ಕೆ ಬಂದ ಇಂಜಿನಿಯರರು, ಗುತ್ತಿಗೆದಾರರು ಮನೆಗೆ ಸಾಮಾನು ಕೊಳ್ಳುತ್ತಿದ್ದ ಕಾಲ. ಲಾಲಪ್ಪನ ಅಂಗಡಿಯಲ್ಲಿ ಮಂಚ, ಕುರ್ಚಿ, ತೊಟ್ಟಿಲು ಸೂರಿನವರೆಗೆ ಪೇರಿಸಿದ್ದವು.

“ಆ ಮೇಜು ನೀವ ಅಳದದ್ದೇನ್ರಿ?” ಮಲೀಕಸಾಬ ಕೇಳಿದ.

“ನಾನ! ಮಂದಿ ಹಂಗ ಕಣ್ಣಂದಾಜು ಮಾಡಾಂವಲ್ಲ ನಾನು.”

“ಎರಡೂ ಕಡಿ?”

“ಎರಡೂ ಕಡಿ. ಅಮೀನ್ ಸಾಹೇಬ್ರ ಟೇಪಿನ ತುದಿ ಹಿಡದಿದ್ರು, ಕೇಳ್ರಿ.”

ಮರಿಸ್ವಾಮಿ ತಲೆಯಾಡಿಸಿದ. ಹೌದು, ಹಿಡಿದಿದ್ದ. ಎರಡೂ ಸಲ ಟೇಪು ನಲವತ್ತೆರಡಕ್ಕೇ ನಿಂತಿತ್ತು.

“ಎಳಿಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ?”

“ಕೂದಲಿನಷ್ಟೂ ಇಲ್ಲ!”

“ಕಟ್ಟಿಗಿ ಹಳೇದ?”

“ಅರವತ್ತು ವರ್ಷದ ಸಾಗವಾನಿ. ದೇವರಾಣಿ.”

“ಅಷ್ಟನ್ನ ಬರದು ಕೊಡ್ರಿ.”

ಲಾಲಪ್ಪ ಖುಷಿಯಿಂದ ಬರೆದ. ಸಹಿಯ ಕೆಳಗೆ ಎರಡು ಗೆರೆ ಎಳೆದ.

ರಸ್ತೆಗೆ ಇಳಿದದ್ದೇ ಮರಿಸ್ವಾಮಿಗೆ ತಡೆಯಲಾಗಲಿಲ್ಲ. “ಏನ್ ಮಾಡಿದ್ರಿ ಸಾಬರ? ಆ ಹೆಣ್ಮಗಳ ಕೊರಳಿಗೆ ಇನ್ನೊಂದು ಉರ್ಲು ಹಾಕ್ಸಿದಂಗ ಆತಲ್ಲ!”

“ಸಿಟ್ಟು ಬರಾಕತ್ತೈತೇನ್ರಿ? ಬರಲಿ. ನನಗೂ ಬಂದೈತಿ. ಗಂಡ ಸಾಯಾಕತ್ತಾಗ ಮನಿಗೆ ಕನ್ನ ಹಾಕ್ಯಾರ, ಈಗ ಆಕಿನ್ನ ಕಳ್ಳಿ ಅನ್ನಾಕತ್ತಾರ. ಸೋಮವಾರದ ತನಕ ಆ ಸಿಟ್ಟು ಆರಿಸಬ್ಯಾಡ್ರಿ.”

ಸೋಮವಾರ ಲಿಂಗಸುಗೂರಿನ ಕೋರ್ಟು ತುಂಬಿತ್ತು. ಮಲೀಕಸಾಬ ಹೋಳಿಗೆ ಮಣೆಯನ್ನು ಮುನ್ಸಿಫ್ ಸಾಹೇಬರ ಮುಂದಿಟ್ಟ.

“ಇದನ್ನ ಕಟ್ಟಿಗಿ ನಾರಿನ ಎಳಿ ಹಿಡದ ಕಡಿ ಒಮ್ಮೆ, ಎಳಿಗೆ ಅಡ್ಡ ಒಮ್ಮೆ ಅಳಸ್ರಿ ಸಾಹೇಬ್ರ.”

ಗುಮಾಸ್ತ ಅಳೆದ. ಮತ್ತೊಮ್ಮೆ ಅಳೆದ. “ಅಡ್ಡ ಅಳತಿ ಒಂದು ನೂಲು, ಅಂದ್ರ ಇಂಚಿನ ಎಂಟನೇ ಪಾಲು, ಕಮ್ಮಿ ಐತ್ರಿ.”

“ಮಾಡಿದ ದಿನ ಇದು ಪೂರಾ ದುಂಡಗಿತ್ತು. ಕಟ್ಟಿಗಿ ಕಡದು ಹಾಕಿದ ಮ್ಯಾಲೂ ಸುಮ್ಮನಿರೂದಿಲ್ರಿ. ವರ್ಷ ಹೋದಂಗ ಆರಿ ಕುಗ್ಗತೈತಿ. ಎಳಿ ಹಿಡದ ಕಡಿ ಹಂಗ ನಿಲ್ಲತೈತಿ, ಅಡ್ಡ ಕುಗ್ಗತೈತಿ. ಹಳೇ ದುಂಡು ಮೇಜು ಎಂದೂ ಪೂರಾ ದುಂಡಗ ಇರೂದಿಲ್ಲ. ಇಪ್ಪತ್ತೆಂಟು ವರ್ಷದ ಗೇಣಗಲದ ಮಣಿನ ನೂಲಿನಷ್ಟು ಕುಗ್ಗೈತಿ. ಮಸ್ಕಿ ಬಿಸಲಾಗ ಅರವತ್ತು ಬ್ಯಾಸಗಿ ಕಂಡ ಮೇಜು ಎರಡೂ ಕಡಿ ಕೂದಲಿನಷ್ಟೂ ಫರಕಿಲ್ಲದ ನಲವತ್ತೆರಡು ಹೆಂಗ ಇರತೈತ್ರಿ?”

ಮಲೀಕಸಾಬ ಶಿವಶರಣಪ್ಪನ ಕಡೆ ತಿರುಗಿದ.

“ಇರಾಕ ಒಂದ ದಾರಿ. ಅವತ್ತು ಅಳದ ಮೇಜ ಹೊಸಾದು! ಅಂದ್ರ ಅಸಲಿ ಹೋಗಿದ್ದು ಈ ಯವ್ವನ ಜಿಮ್ಮಾಕ್ಕ ಬಂದ ಮ್ಯಾಲ ಅಲ್ಲ, ಯಾದಿ ಬರಿಯೂಕಿಂತ ಮೊದಲ. ಮನಿ ಕೀಲಿ ಶಿವಶರಣಪ್ಪನ ಕೈಯಾಗ ಇದ್ದ ಇಪ್ಪತ್ತೆರಡು ದಿನದಾಗ. ಇನ್ನ ಲಾಲಪ್ಪ! ಬೇವಿಗೂ ಸಾಗವಾನಿಗೂ ಫರಕು ತಿಳೀದ ಇಪ್ಪತ್ತು ವರ್ಷ ಕಟ್ಟಿಗಿ ಮಾರ್ಯಾನೇನು? ನಕಲಿ ಮಾಡಿದ್ದು ಅವನ ಅಂಗಡಿ, ಮಾಡಿಸಿದ್ದು ಶಿವಶರಣಪ್ಪ. ನಕಲಿಗೆ ಅಸಲಿ ಕಿಮ್ಮತ್ತು ಕಟ್ಟಿ ಈಕಿಗೆ ಕೊಟ್ರ ಮೇಜೂ ಉಳೀತು, ಅಂಗಡಿ ಕೋಣೀನೂ ಸಿಕ್ತು!”

“ಅಳತಿ ತಪ್ಪಿರಬೇಕ್ರಿ!” ಲಾಲಪ್ಪ ಚೀರಿದ. “ಅವಸರದಾಗ—”

ಮಲೀಕಸಾಬ ಎರಡು ಗೆರೆ ಎಳೆದಿದ್ದ ಕಾಗದವನ್ನು ಮುಂದೆ ಸರಿಸಿದ. ಮರಿಸ್ವಾಮಿ ಎದ್ದು ನಿಂತ.

“ಅಳತಿ ತಪ್ಪಿಲ್ಲ ಸಾಹೇಬ್ರ. ಟೇಪಿನ ತುದಿ ನನ್ನ ಕೈಯಾಗ ಇತ್ತು. ತಪ್ಪಿದ್ದು ನಾನು. ಲಾಲಪ್ಪ ಸಾಗವಾನಿ ಅಂದ, ನಾ ಬರಕೊಂಡೆ. ಬಗ್ಗಿ ನೋಡಲಿಲ್ಲ. ಇದನ್ನೂ ಬರಕೊಳ್ರಿ.”

ಲಾಲಪ್ಪ ಶಿವಶರಣಪ್ಪನ ಕಡೆ ಒಮ್ಮೆ ನೋಡಿದ. ಅವನು ಮುಖ ತಿರುಗಿಸಿದ. ಅಷ್ಟಕ್ಕೆ ಕಟ್ಟೆ ಒಡೆಯಿತು.

“ನನ್ನೊಬ್ಬನ್ನ ಸಿಗಿಸಬ್ಯಾಡ್ರಿ! ಅಸಲಿ ಮೇಜು ತುರ್ವಿಹಾಳದಾಗ, ಅವರ ಬೀಗರ ಮನ್ಯಾಗ ಐತಿ!”

ಮುನ್ಸಿಫ್ ಸಾಹೇಬರು ಪೊಲೀಸರ ಜೊತೆ ಮರಿಸ್ವಾಮಿಯನ್ನೇ ಕಳಿಸಿದರು. ಸಂಜೆಯೊಳಗೆ ಗೋಣಿಚೀಲ ಸುತ್ತಿದ ಮೇಜು ಕೋರ್ಟಿನ ಅಂಗಳಕ್ಕೆ ಬಂತು. ಈ ಸಲ ಮರಿಸ್ವಾಮಿ ನೆಲಕ್ಕೆ ಬಗ್ಗಿ ಅಡಿಯ ಹಲಗೆ ನೋಡಿ, ತಾನೇ ಅಳೆದ. ಎಳೆ ಹಿಡಿದ ಕಡೆ ನಲವತ್ತೆರಡು. ಅಡ್ಡ ನಲವತ್ತೊಂದೂವರೆ.

ಶಿವಶರಣಪ್ಪ ಅಂಬಮ್ಮನ ಹತ್ತಿರ ಬಂದು ದನಿ ತಗ್ಗಿಸಿದ. “ಆದದ್ದು ಆತು ಅಂಬವ್ವ. ಕೋಣಿನೂ ನೀನ ಇಟ್ಕೋ. ಮನಿ ಮಾತು, ಮನ್ಯಾಗ ಮುಗಸೋಣು. ನನ್ನ ಮರ್ಯಾದಿ—”

“ಮನಿ ಮಾತಾ?” ಅಂಬಮ್ಮನ ದನಿ ಅಂಗಳದ ಆಚೆಗೂ ಕೇಳಿಸಿತು. “ಬಜಾರದಾಗ ಹತ್ತು ಮಂದಿ ಮುಂದ ಕಳ್ಳಿ ಅಂದಾಗ ಅದು ಮನಿ ಮಾತು ಆಗಿರಲಿಲ್ಲೇನು? ನಮ್ಮವರ ಉಸಿರು ಇನ್ನ ಇತ್ತು, ನೀವು ಅವರ ಮನಿ ಬರಿದು ಮಾಡಿದ್ರಿ. ರಾಜಿ ಇಲ್ಲ. ಖಟ್ಲೆ ನಡೀಲಿ.”

ಪೊಲೀಸರು ಇಬ್ಬರನ್ನೂ ಕರೆದುಕೊಂಡು ಹೋದರು. ಅಂಬಮ್ಮ ಮಲೀಕಸಾಬನಿಗೆ ಕೈಮುಗಿದಳು. ಅವನು ಎರಡೂ ಕೈಯಿಂದ ಬೇಡವೆಂದ.

ಮಸ್ಕಿಯ ಬಸ್ಸು ಹೊರಡುವ ಹೊತ್ತಿಗೆ ಮರಿಸ್ವಾಮಿ ಓಡುತ್ತ ಬಂದು ಕಿಟಕಿಯ ಕೆಳಗೆ ನಿಂತ.

“ಯವ್ವಾ, ನನ್ನ ಒಂದು ಸಹಿಯಿಂದ ಇಷ್ಟೆಲ್ಲ ಆತು. ತಪ್ಪಾತು.”

ಅಂಬಮ್ಮ ಅವನನ್ನು ದಿಟ್ಟಿಸಿ ನೋಡಿದಳು.

“ನನ್ನ ಪುಣ್ಯಾ, ಈ ಸಾಬರು ಬಂದ್ರು. ಇನ್ನೊಬ್ಬಾಕಿ ಮನಿಗೆ ಇವರು ಬರ್ತಾರನ್ನೂದು ಏನು ಗ್ಯಾರಂಟಿ? ಅಲ್ಲಿ ನೀವ ಬಗ್ಗಿ ನೋಡ್ರಿ ಅಮೀನ್ ಸಾಹೇಬ್ರ. ನೋಡಿ ಸಹಿ ಮಾಡ್ರಿ.”